ಕೆಳಮನೆಯಲ್ಲೊಬ್ಬ ಬಳಕೆದಾರಳು

ಪಾಲಕನ ಹುದ್ದೆಗೆ ಸಂಬಳವಿರಲಿಲ್ಲ, ಕುರ್ಚಿಯಿರಲಿಲ್ಲ, ನಿವೃತ್ತಿಯ ವಯಸ್ಸೂ ಇರಲಿಲ್ಲ. ಆದ್ದರಿಂದಲೇ ಅದಕ್ಕಿದ್ದ ಗತ್ತು ಬೇರೆ ಯಾವ ಹುದ್ದೆಗೂ ಇರಲಿಲ್ಲ. ಹಗಲು ಅವನು ವಿಮಾ ಕಚೇರಿಯೊಂದರ ಹಿಂಭಾಗದ ತಣ್ಣನೆಯ ಕೋಣೆಯಲ್ಲಿ ಸರ್ವರುಗಳನ್ನು ಕಾಯುತ್ತಿದ್ದ. ಅಲ್ಲಿನ ಸಹೋದ್ಯೋಗಿಗಳ ಪಾಲಿಗೆ ಅವನು ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವವನು. ಸಂಜೆ ಮನೆಗೆ ಬಂದು, ಮುಖ ತೊಳೆದು, ಮಹಡಿಯ ಮುಂಗೋಣೆಯ ಕಿಟಕಿಗೆ ಬೆನ್ನು ಮಾಡಿ ಕುಳಿತನೆಂದರೆ ಲೋಕವೇ ಬೇರೆ. ಯಾರ ಸ್ವತ್ತೂ ಅಲ್ಲದ, ಯಾರು ಬೇಕಾದರೂ ಓದಿ ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಂ ಇದೆ. ಅದರ ತಿರುಳಿಗೆ, ಅಂದರೆ ಯಂತ್ರದೊಡನೆ ನೇರವಾಗಿ ಮಾತಾಡುವ ಭಾಗಕ್ಕೆ, ಕರ್ನಲ್ ಎಂದು ಹೆಸರು. ಜಗತ್ತಿನ ಮೂಲೆಮೂಲೆಯ ಜನ ಒಬ್ಬರ ಮುಖ ಒಬ್ಬರು ನೋಡದೆ, ಮೇಲ್‌ಗಳಲ್ಲೇ ಜಗಳವಾಡುತ್ತ, ಅದನ್ನು ದಿನವೂ ಕಟ್ಟುತ್ತಾರೆ. ಆ ಮಹಾಕಟ್ಟಡದ ಹಿತ್ತಲ ಮೂಲೆಯೊಂದು, ಹಳೆಯ ಯಂತ್ರಗಳ ಕೇಬಲ್ಲುಗಳು ಬಂದು ಸೇರುವ ಜಾಗ, ಇವನ ಉಸ್ತುವಾರಿಯಲ್ಲಿತ್ತು. ಅಲ್ಲಿ ಯಾರೇ ಒಂದು ಮೊಳೆ ಹೊಡೆಯಬೇಕಾದರೂ ಇವನ ಒಪ್ಪಿಗೆ ಬೇಕಿತ್ತು.

ಈ ಪಾಲಕನ ಪಟ್ಟ ಅವನಿಗೆ ಬಂದದ್ದು ಸಿಟ್ಟಿನಿಂದ. ಎಷ್ಟೋ ವರ್ಷಗಳ ಹಿಂದೆ ತನ್ನ ಸ್ಕ್ಯಾನರ್ ಕೆಲಸ ಮಾಡುತ್ತಿಲ್ಲವೆಂದು, ಒಂದು ಮೇಲ್ ಕಳಿಸಿದರೆ ಕಟ್ಟುವವರಿಗೆಲ್ಲ ತಲುಪುವ ಮೇಲ್ ಬಳಗಕ್ಕೆ ಇವನು ದೂರು ಬರೆದಿದ್ದ. ಅಂದಿನ ಪಾಲಕ, ನೀವೇ ಸರಿಮಾಡಿ ಕಳಿಸಿ ಎಂದು ಒಂದೇ ಸಾಲಿನಲ್ಲಿ ಉತ್ತರಿಸಿದ. ಇವನು ಅದನ್ನು ಅವಮಾನವೆಂದು ತಿಳಿದು, ಹಟ ಹಿಡಿದು ಕಲಿತು, ಸರಿಮಾಡಿ ಕಳಿಸಿದ. ಆಮೇಲೆ ಇನ್ನೊಂದು, ಮತ್ತೊಂದು. ಕೊನೆಗೊಂದು ದಿನ ಆ ಹಳೆಯ ಪಾಲಕ, ಎರಡು ದಿನ ಊರಿಗೆ ಹೋಗಿಬರುತ್ತೇನೆಂದು ಪಕ್ಕದ ಮನೆಗೆ ಬೀಗದ ಕೈ ಕೊಟ್ಟವನಂತೆ, ಇಡೀ ಮೂಲೆಯನ್ನು ಇವನ ಕೈಗಿಟ್ಟು ಹೋದವನು ಮರಳಲೇ ಇಲ್ಲ.

ಅಧಿಕಾರ ಸಿಕ್ಕ ಮೇಲೆ ಇವನು ಅದಕ್ಕೆ ತಕ್ಕಂತೆ ಗಂಭೀರನಾದ. ಯಾರೋ ಕಷ್ಟಪಟ್ಟು ಬರೆದು ಕಳಿಸಿದ ತಿದ್ದುಪಡಿಯಲ್ಲಿ ಸಾಲಿನ ಕೊನೆಗೆ ಒಂದು ಖಾಲಿ ಜಾಗ ಉಳಿದಿದ್ದರೂ ಅದು ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಅವನು ಹೆದರುತ್ತಿದ್ದುದು ಒಬ್ಬರಿಗೇ: ಹಲವು ಪಾಲಕರ ಕೆಲಸವನ್ನು ಒಟ್ಟುಗೂಡಿಸಿ ಮೇಲಕ್ಕೆ ಕಳಿಸುವ, ದೂರದೇಶದ ಒಬ್ಬ ಹಿರಿಯನಿಗೆ. ಆ ಹಿರಿಯನಿಂದ ಮೇಲ್ ಬಂದ ದಿನ ಗಂಡನ ಮುಖದಲ್ಲಿ ಕಾಣುತ್ತಿದ್ದ ಕಳವಳವನ್ನು ಗಮನಿಸಿದ್ದ ಅವನ ಹೆಂಡತಿ ಆತನಿಗೆ ‘ಬೀಗರು’ ಎಂದು ಹೆಸರಿಟ್ಟಿದ್ದಳು. ಔಷಧಿ ಅಂಗಡಿ ನಡೆಸುತ್ತಿದ್ದ ಅವಳಿಗೆ ಜನರ ರೋಗಲಕ್ಷಣ ದೂರದಿಂದಲೇ ಗೊತ್ತಾಗುತ್ತಿತ್ತು.

ಕೆಳಮನೆಯಲ್ಲಿ ಅವನ ಅಕ್ಕ ಇದ್ದಳು. ಬಟ್ಟೆ ಕಾರ್ಖಾನೆಯೊಂದು ಬಾಗಿಲು ಹಾಕಿದಾಗ ಅಲ್ಲಿನ ಹಳೆಯ ಕಸೂತಿ ಯಂತ್ರವನ್ನು ಕೊಂಡು ತಂದು, ಮುಂದಿನ ಕೋಣೆಯ ಗೋಡೆ ಒಡೆಸಿ ಒಳಗೆ ಸೇರಿಸಿದ್ದಳು. ಶಾಲೆಯ ಲಾಂಛನ, ಹೋಟೆಲಿನ ಕರವಸ್ತ್ರದ ಅಂಚು, ಡಾಕ್ಟರ ಕೋಟಿನ ಮೇಲಿನ ಹೆಸರು, ಎಲ್ಲವೂ ಆ ಒಂದೇ ಸೂಜಿಯಿಂದ ಇಳಿಯಬೇಕು. ಯಂತ್ರದ ಜೊತೆಗೆ ಬಂದ ಮೆಕ್ಯಾನಿಕ್ ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ಹಳೆಯ ಕಾರ್ಡು ಕೂರಿಸಿ, ದಪ್ಪ ಕೇಬಲ್ಲು ಎಳೆದು ಹೋಗಿದ್ದ. ಅಂದಿನಿಂದ ಅದು ಒಂದು ದಿನವೂ ಕೈಕೊಟ್ಟಿರಲಿಲ್ಲ. ಮನೆಯ ಎಲ್ಲ ಕಂಪ್ಯೂಟರುಗಳಿಗೂ, ಅಕ್ಕನದೂ ಸೇರಿ, ಪಾಲಕನೇ ಕರ್ನಲ್ಲಿನ ಹೊಸ ಹೊಸ, ಲೋಕಕ್ಕೆ ಇನ್ನೂ ಬಿಡುಗಡೆಯಾಗದ ಪರೀಕ್ಷಾ ಆವೃತ್ತಿ ಹಾಕುತ್ತಿದ್ದ. ಇದು ತಮ್ಮನ ಪ್ರೀತಿಯೆಂದು ಅಕ್ಕ ತಿಳಿದಿದ್ದಳು.

ಅವನ ಲೋಕದಲ್ಲಿ ಒಂದು ಸಂಪ್ರದಾಯವಿದೆ. ಹೊಸದನ್ನು ಸೇರಿಸಿದವನಿಗೆ ಪ್ರಶ್ನೆಗಳು ಬರುತ್ತವೆ, ಹಳೆಯದನ್ನು ತೆಗೆದವನಿಗೆ ಶಹಭಾಸ್‌ಗಿರಿ. ಪಾಲಕನ ಮೂಲೆಯಲ್ಲಿ ಅಕ್ಷರ ಅಂಕಿಗಳ ಗೊಂಚಲಿನಂಥ ಹೆಸರಿನ ಒಂದು ಡ್ರೈವರ್ ಇತ್ತು. ಯಾವುದೋ ಹಳೆಯ ಕಾರ್ಡಿನ ಜೊತೆ ಕರ್ನಲ್ ಮಾತಾಡಲು ಬೇಕಾದ ದುಭಾಷಿ. ಅದರ ಬಗ್ಗೆ ವರ್ಷಗಳಿಂದ ಒಂದೂ ದೂರು ಬಂದಿರಲಿಲ್ಲ. ಚೆನ್ನಾಗಿ ಕೆಲಸ ಮಾಡುವ ಡ್ರೈವರಿನ ಹೆಸರನ್ನು ಯಾರೂ ಕೇಳುವುದಿಲ್ಲವಾದ್ದರಿಂದ, ದೂರಿಲ್ಲದಿರುವುದೇ ಅದರ ಮರಣಶಾಸನವಾಯಿತು. ಪಾಲಕ ಪದ್ಧತಿಯಂತೆ ಮೇಲ್ ಬಳಗಕ್ಕೆ ಪ್ರಕಟಣೆ ಕೊಟ್ಟ: ಇದನ್ನು ಬಳಸುವವರು ಇದ್ದರೆ ತಿಳಿಸಿ, ಇಲ್ಲದಿದ್ದರೆ ಮುಂದಿನ ಆವೃತ್ತಿಯಿಂದ ತೆಗೆಯಲಾಗುವುದು. ನಿಯಮಕ್ಕೆ ಬೇಕಾದಷ್ಟು ಕಾಲ ಕಾದ. ಮೌನ. ಆಮೇಲೆ ‘ಬಳಕೆದಾರರಿಲ್ಲ’ ಎಂದು ಷರಾ ಬರೆದು ಕಿತ್ತುಹಾಕಿದ. ಬೀಗರು ‘ಒಳ್ಳೆಯದು’ ಎಂದು ಉತ್ತರಿಸಿದರು. ಬೀಗರಿಂದ ಅಷ್ಟು ದೊಡ್ಡ ಹೊಗಳಿಕೆ ಅವನು ಅದುವರೆಗೆ ಕಂಡಿರಲಿಲ್ಲ.

ಊಟದ ಹೊತ್ತಿಗೆ ಅವನು ಇದನ್ನು ಹೆಂಡತಿಗೆ ಹೇಳಿಕೊಂಡ. ಹಾಗಾದರೆ ಅಟ್ಟದ ಮೇಲಿರುವ ಕೇಬಲ್ಲಿನ ಗಂಟುಗಳನ್ನೂ ಅದೇ ಕೈಯಲ್ಲಿ ತೆಗೆದುಬಿಡಿ ಎಂದಳು. ಅವು ಯಾರಿಗಾದರೂ ಯಾವತ್ತಾದರೂ ಬೇಕಾಗಬಹುದು ಎಂದು ಅವನು ಸಾರು ಬಡಿಸಿಕೊಂಡ.

ಮುಂದಿನ ಭಾನುವಾರ ಕೆಳಗಿಳಿದು ಅಕ್ಕನ ಕಂಪ್ಯೂಟರಿಗೆ ಹೊಸ ಪರೀಕ್ಷಾ ಆವೃತ್ತಿ ಹಾಕಿ, ಹಳೆಯದನ್ನು ಚೊಕ್ಕಟವಾಗಿ ಅಳಿಸಿ ಬಂದ. ಸೋಮವಾರ ಕಚೇರಿಯಿಂದ ಮರಳುವಾಗ ಅಕ್ಕ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಆಸ್ಪತ್ರೆಯೊಂದರ ಬಿಳಿ ಕೋಟುಗಳು ಅವಳ ಹಿಂದೆ ರಾಶಿಯಾಗಿದ್ದವು, ಒಂದರ ಎದೆಯ ಮೇಲೂ ಹೆಸರಿರಲಿಲ್ಲ. ಅವನು ಕಂಪ್ಯೂಟರಿನ ಮುಂದೆ ಕುಳಿತು ಎರಡು ಆಜ್ಞೆ ಕೊಟ್ಟ. ಒಡಲಲ್ಲಿ ಕಾರ್ಡಿದೆ, ಅದರ ದುಭಾಷಿ ಇಲ್ಲ. ಇಲ್ಲದ ದುಭಾಷಿಯ ಹೆಸರು ತೆರೆಯ ಮೇಲೆ ಬಂತು: ತಾನೇ ಕಿತ್ತುಹಾಕಿದ ಆ ಅಕ್ಷರ ಅಂಕಿಗಳ ಗೊಂಚಲು. ಅವನು ಪದ್ಧತಿಯನ್ನು ಮೊದಲಿನಿಂದ ವಿವರಿಸತೊಡಗಿದ.

ಅಕ್ಕ ಪೂರ್ತಿ ಕೇಳಿಸಿಕೊಂಡಳು. “ಯಾರೂ ಬಳಸ್ತಿಲ್ಲ ಅಂತ ನಿನಗೆ ಯಾರು ಹೇಳಿದ್ರು?”

“ಎಲ್ಲರನ್ನೂ ಕೇಳಿದೆ ಅಕ್ಕ. ಇಡೀ ಪ್ರಪಂಚಕ್ಕೆ ಬರೆದು ಕೇಳಿದೆ.”

“ಪ್ರಪಂಚವನ್ನ ಕೇಳಿದ್ಯಲ್ಲ, ಒಂದು ಮೆಟ್ಟಿಲು ಇಳಿದು ನನ್ನ ಕೇಳಿದ್ಯಾ?”

“ನೀನು ಆ ಮೇಲ್ ಬಳಗದಲ್ಲಿ ಇಲ್ಲವಲ್ಲ.”

“ನಾನು ಮನೇಲಿದ್ದೀನಿ.”

ಅವನು ಹಳೆಯ ಆವೃತ್ತಿಯನ್ನು ಮತ್ತೆ ತಂದು ಹಾಕಿದ, ಯಂತ್ರ ಓಡಿತು, ಕೋಟುಗಳ ರಾಶಿ ಕರಗಲು ಶುರುವಾಯಿತು. ಅಲ್ಲಿಗೆ ಮುಗಿಯಿತೆಂದು ಅವನು ಎದ್ದ. ಅಕ್ಕ ಬಿಡಲಿಲ್ಲ. ಇದು ಎಷ್ಟು ಕಾಲ ಬಾಳುತ್ತದೆಂದು ಕೇಳಿದಳು. ಹೊಸದು ಹಾಕದಿರುವವರೆಗೆ ಎಂದ. ಹಾಕದಿದ್ದರೇನಾಗುತ್ತದೆ ಎಂದಳು. ಗಿರಾಕಿಗಳು ಚಿತ್ರಗಳನ್ನು ಮೇಲ್‌ನಲ್ಲಿ ಕಳಿಸುವುದರಿಂದ ಈ ಕಂಪ್ಯೂಟರಿಗೆ ಇಂಟರ್ನೆಟ್ ತಪ್ಪಿದ್ದಲ್ಲ, ಹಳೆಯದಕ್ಕೆ ರಕ್ಷಣೆಯ ತಿದ್ದುಪಡಿ ಬರುವುದು ನಿಲ್ಲುತ್ತದೆ, ಒಂದಲ್ಲ ಒಂದು ದಿನ ಯಾರಾದರೂ ಒಳನುಗ್ಗುತ್ತಾರೆ ಎಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡ.

“ಅಂದ್ರೆ ಬಾಗಿಲಿಗೆ ಗೋಡೆ ಕಟ್ಟಿಬಿಟ್ಟು, ಕಿಟಕಿ ಹತ್ತಿ ಓಡಾಡು ಅಂತೀಯಾ,” ಎಂದಳು ಅಕ್ಕ. “ನನಗೆ ಬಾಗಿಲು ವಾಪಸ್ ಬೇಕು.”

ಬಾಗಿಲು ವಾಪಸ್ ಬರಲು ಕಾಲ ಹೆಚ್ಚಿರಲಿಲ್ಲ. ಅದೇ ವಾರದ ಕೊನೆಗೆ ಹೊಸ ಆವೃತ್ತಿ ಲೋಕಕ್ಕೆ ಬಿಡುಗಡೆಯಾಗುವುದಿತ್ತು. ಅದಕ್ಕೆ ಮೊದಲಾದರೆ, ತೆಗೆದದ್ದನ್ನು ತೆಗೆದವನೇ ತಪ್ಪಾಯಿತೆಂದು ಹಿಂದಕ್ಕೆ ಹಾಕಬಹುದು. ಆಮೇಲಾದರೆ ಆ ಡ್ರೈವರ್ ಹೊಸಬರ ಸಾಲಿನಲ್ಲಿ ನಿಲ್ಲಬೇಕು; ಇಂದಿನ ಮಾನದಂಡಕ್ಕೆ ಮೊದಲಿನಿಂದ ಬರೆಯಿರಿ ಎನ್ನುತ್ತಾರೆ; ಪಾಲಕನಂಥವರು ಖಾಲಿ ಜಾಗ ಹುಡುಕುತ್ತ ವರ್ಷಗಟ್ಟಲೆ ಹಿಂದಿರುಗಿಸುತ್ತಾರೆ. ಆ ಲೋಕದ ಮೊದಲ ಕಟ್ಟಳೆ, ಬಳಕೆದಾರನಿಗೆ ನಿನ್ನೆ ನಡೆಯುತ್ತಿದ್ದದ್ದು ಇಂದೂ ನಡೆಯಬೇಕು ಎಂಬುದು. ಈ ಕಟ್ಟಳೆಯನ್ನು ಇತರರ ತಲೆಯ ಮೇಲೆ ಅವನಷ್ಟು ಜೋರಾಗಿ ಕುಟ್ಟಿದವರಿರಲಿಲ್ಲ. ತನ್ನ ತಲೆ ಎದುರಾದಾಗ ಮಾತ್ರ ಅವನಿಗೆ ಒಂದು ಸೂಕ್ಷ್ಮ ಹೊಳೆಯಿತು: ದೂರು ಬಳಕೆದಾರಳಿಂದಲೇ ಬರಬೇಕು, ಪಾಲಕ ತಾನೇ ತನ್ನ ಮೇಲೆ ದೂರು ಬರೆದುಕೊಳ್ಳುವುದು ಸಭ್ಯತೆಯಲ್ಲ. ಅಕ್ಕನಿಗೆ ಬಳಗದ ವಿಳಾಸ ಕೊಟ್ಟು, ಮೇಲ್ ಕಳಿಸಲು ಹೇಳಿ ಮಹಡಿ ಹತ್ತಿದ.

ಅಕ್ಕನ ಮೊದಲ ಮೇಲ್ ಬಾಗಿಲಲ್ಲೇ ತಿರಸ್ಕೃತವಾಯಿತು. ಅದರಲ್ಲಿ ಬಣ್ಣದ ಅಕ್ಷರಗಳಿದ್ದವು, ಕೆಳಗೆ ಅವಳ ಅಂಗಡಿಯ ಹೂಬಳ್ಳಿಯ ಚಿತ್ರವಿತ್ತು. ಆ ಬಳಗ ಬರಿಯ ಅಕ್ಷರದ ಹೊರತು ಏನನ್ನೂ ಮುಟ್ಟುವುದಿಲ್ಲ. ನನ್ನ ಹೂವು ಇವರಿಗೇನು ಮಾಡಿತು ಎಂದು ಅವಳು ಕೆಳಗಿನಿಂದ ಕೇಳಿದಳು. ಎರಡನೆಯ ಮೇಲ್ ದಾಟಿತು: “ನಾನು ಕಸೂತಿ ಕೆಲಸದವಳು. ಭಾನುವಾರದವರೆಗೆ ನನ್ನ ಯಂತ್ರ ನಡೆಯುತ್ತಿತ್ತು. ಸೋಮವಾರ ನಡೆಯಲಿಲ್ಲ. ನಡುವೆ ನನ್ನ ತಮ್ಮ ಬಂದು ಹೋಗಿದ್ದಾನೆ.” ದೋಷವನ್ನು ಇಷ್ಟು ಖಚಿತವಾಗಿ ಗುರುತಿಸಿದ ವರದಿ ಆ ಬಳಗಕ್ಕೆ ಬರುವುದು ಅಪರೂಪ.

ಬಹಿರಂಗದಲ್ಲಿ ಬಂದದ್ದಕ್ಕೆ ಬಹಿರಂಗದಲ್ಲೇ ಉತ್ತರ ಕೊಡಬೇಕೆಂಬುದು ನಿಯಮ. ಪಾಲಕ ಮಹಡಿಯಿಂದ ಬರೆದ: “ಮಾನ್ಯ ಬಳಕೆದಾರರೇ, ವರದಿಗೆ ಧನ್ಯವಾದ. ಸಮಸ್ಯೆ ಪ್ರತಿ ಬಾರಿಯೂ ಮರುಕಳಿಸುತ್ತದೆಯೇ ಎಂದು ದಯವಿಟ್ಟು ತಿಳಿಸಿ.” ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಸೂರು ಕುಟ್ಟಿದ ಸದ್ದು ಬಂತು. ಹೆಂಡತಿ ಪತ್ರಿಕೆಯಿಂದ ತಲೆಯೆತ್ತದೆ, “ಮರುಕಳಿಸ್ತಿದೆ ಅನ್ಸುತ್ತೆ,” ಎಂದಳು.

ಆದರೆ ಆ ಮೇಲ್ ಅವನು ಎಣಿಸಿರದ ಕೆಲಸ ಮಾಡಿತು. ಓದಿ ನಕ್ಕವರು ಹಂಚಿಕೊಂಡು ಅದು ಬಳಗದ ಹೊರಗಿನವರ ಕಣ್ಣಿಗೂ ಬಿದ್ದು, ಎಲ್ಲೆಲ್ಲಿಂದಲೋ ಉತ್ತರಗಳು ಬಂದವು. ಒಬ್ಬ ಬಡಗಿಯ ಮರ ಕೊರೆಯುವ ಯಂತ್ರದಲ್ಲಿ ಅದೇ ಕಾರ್ಡಿತ್ತು. ನಕ್ಷತ್ರ ನೋಡುವ ಗುಮ್ಮಟ ತಿರುಗಿಸಲು ನಿವೃತ್ತ ಮೇಷ್ಟ್ರೊಬ್ಬರು ಅದನ್ನೇ ನಂಬಿದ್ದರು. ಇವರು ಯಾರೂ ಬಳಗದ ಪ್ರಕಟಣೆ ಓದಿದವರಲ್ಲ. ಅವರಿಗೆ ಮಾಡಲು ಕೆಲಸವಿತ್ತು. ಬಳಗ ಓದುವವರು ಕಾರ್ಡು ಬಳಸುವುದಿಲ್ಲ, ಕಾರ್ಡು ಬಳಸುವವರು ಬಳಗ ಓದುವುದಿಲ್ಲ. ಈ ಅಚ್ಚುಕಟ್ಟಾದ ಏರ್ಪಾಡಿನಲ್ಲಿ ‘ಬಳಕೆದಾರರಿಲ್ಲ’ ಎಂಬ ಮಾತು ಎಂದೆಂದಿಗೂ ಸತ್ಯವಾಗಿರಬಹುದಿತ್ತು.

ಬೀಗರ ಮೇಲ್ ಬಂದದ್ದು ಆಗ. ಬಳಕೆದಾರರಿಲ್ಲವೆಂದು ಬರೆದವರು ತಾವೇ ಅಲ್ಲವೇ, ಹಿಂದಕ್ಕೆ ಹಾಕಿ, ಕಾರಣ ಬರೆಯಿರಿ, ಯಂತ್ರವಿರುವ ಯಾರಾದರೂ ಪರೀಕ್ಷಿಸಿ ಹೆಸರು ಕೊಡಲಿ, ಇಷ್ಟೇ.

ಹಿಂದಕ್ಕೆ ಹಾಕುವುದು ಕ್ಷಣದ ಕೆಲಸ. ಕಾರಣ ಬರೆಯುವುದು ಹಾಗಲ್ಲ, ಏಕೆಂದರೆ ಅಲ್ಲಿ ಬರೆದ ಕಾರಣವನ್ನು ಮುಂದೆ ಯಾರೂ ಅಳಿಸಲಾರರು. ಕರ್ನಲ್ ಇರುವಷ್ಟು ಕಾಲ ಅದೂ ಇರುತ್ತದೆ. ಪಾಲಕ ಪುಟ ತುಂಬ ಬರೆದ. ಪ್ರಕಟಣೆಯ ವಿಧಿವಿಧಾನ, ಕಾದ ಅವಧಿ, ಬಳಕೆದಾರ ಸಮುದಾಯದ ನಿಷ್ಕ್ರಿಯತೆ, ಸಂವಹನದಲ್ಲಿ ಉಂಟಾದ ಅನಿವಾರ್ಯ ಅಂತರ. ಹೆಂಡತಿ ಭುಜದ ಮೇಲಿಂದ ಓದಿದಳು. ಔಷಧಿ ಚೀಟಿ ಓದಿ ರೂಢಿಯಿದ್ದವಳಿಗೆ ಕಾಯಿಲೆ ಯಾವ ಸಾಲಿನಲ್ಲೂ ಸಿಗಲಿಲ್ಲ.

“ಕೇಳಲಿಲ್ಲ ಅಂತ ಬರೀರಿ,” ಎಂದಳು.

“ಕೇಳಿದ್ದೀನಲ್ಲ.”

“ಯಾರನ್ನ?”

ಅವನು ಪುಟವನ್ನೆಲ್ಲ ಅಳಿಸಿ ಬರೆದ: “ತೆಗೆದದ್ದು ನನ್ನ ತಪ್ಪು. ನಾನು ಬಳಗವನ್ನು ಕೇಳಿದೆ. ಬಳಸುವವಳನ್ನು ಕೇಳಲಿಲ್ಲ. ಅವಳು ನನ್ನ ಕೆಳಮನೆಯಲ್ಲಿದ್ದಾಳೆ.”

ಇನ್ನು ಪರೀಕ್ಷೆ. ಬಿಡುಗಡೆಯ ಹಿಂದಿನ ದಿನ ಅವನು ಕೆಳಗಿಳಿದು ಡ್ರೈವರ್ ಮರಳಿಸಿದ ಹೊಸ ಕರ್ನಲ್ ಹಾಕಿದ. ಸೂಜಿ ಅಲುಗಿತು, ಬಟ್ಟೆಯ ಮೇಲೆ ಒಂದು ನೀಲಿ ಅಕ್ಷರ ಮೂಡಿತು. ಆಯಿತು, ಹೆಸರು ಕೊಡು ಎಂದ. ಅಕ್ಕ ಕೊಡಲಿಲ್ಲ. ಒಂದಕ್ಷರ ಹೊಲಿದ ಮಾತ್ರಕ್ಕೆ ಡಾಕ್ಟರು ಕೋಟು ಹಾಕಿಕೊಳ್ಳುತ್ತಾರೆಯೇ ಎಂದಳು. ತಾನು ಯಂತ್ರದ ಹತ್ತಿರವೂ ಸುಳಿಯದೆ ಎಷ್ಟೋ ತಿದ್ದುಪಡಿಗಳಿಗೆ ಒಪ್ಪಿಗೆ ಒತ್ತಿದ್ದುದು ನೆನಪಾಗಿ ಪಾಲಕ ವಾದಕ್ಕೆ ಹೋಗಲಿಲ್ಲ. ಉಳಿದ ಕೋಟುಗಳೆಲ್ಲ ಮುಗಿಯುವವರೆಗೆ ಸ್ಟೂಲಿನ ಮೇಲೆ ಕುಳಿತು ನೋಡಿದ. ತಾನು ಇಷ್ಟು ಕಾಲ ಪಾಲಿಸಿದ್ದು ಏನನ್ನೆಂದು ಅವನು ನೋಡಿದ್ದು ಅದೇ ಮೊದಲು.

ನೋಡುತ್ತಿದ್ದವನಿಗೆ ಒಂದು ದೋಷ ಕಂಡಿತು. ಡಾಕ್ಟರ ಹೆಸರಿನ ನೀಲಿ ಅಕ್ಷರಗಳು ಮುಗಿದು ಆಸ್ಪತ್ರೆಯ ಕೆಂಪು ಗುರುತು ಶುರುವಾಗುವ ಮುನ್ನ ಯಂತ್ರ ಸುಮ್ಮನೆ ನಿಲ್ಲುತ್ತಿತ್ತು; ಕಾರಣವಿಲ್ಲದ ನಿಲುಗಡೆ. ಡ್ರೈವರನ್ನು ಬಿಚ್ಚಿ ನೋಡಿದರೆ ಯಾರೋ ಎಂದೋ ಲೆಕ್ಕ ತಪ್ಪಿ ಹಾಕಿದ ಒಂದು ವಿಳಂಬ. ಅವನ ಕಣ್ಣು ಹೊಳೆಯಿತು. ಇದನ್ನು ಕಿತ್ತರೆ ಕೆಲಸ ಎಷ್ಟೋ ಚುರುಕಾಗುತ್ತದೆ ಅಕ್ಕ ಎಂದು ಕೀಲಿಮಣೆಗೆ ಕೈಯಿಟ್ಟ.

“ಕೈ ತೆಗಿ,” ಎಂದಳು ಅಕ್ಕ. “ಅದು ನಿಂತಾಗಲೇ ನಾನು ದಾರ ಬದಲಾಯಿಸೋದು.”

“ಅದು ತಪ್ಪು ಅಕ್ಕ. ಅಲ್ಲಿ ನಿಲ್ಲಬಾರದು.”

“ನಿಲ್ಲದಿದ್ರೆ ಕೆಂಪು ಗುರುತನ್ನೂ ನೀಲಿ ದಾರದಲ್ಲೇ ಹೊಲಿಯುತ್ತೆ. ನಿನ್ನೆ ನಡೀತಿದ್ದಿದ್ದು ಇವತ್ತೂ ನಡೀಬೇಕು ಅಂತ ಊರಿಗೆಲ್ಲ ಹೇಳ್ತೀಯಂತೆ.”

ಕಟ್ಟಳೆಯನ್ನು ಅವಳ ಕಿವಿಗೆ ಹಾಕಿದವಳು ಹೆಂಡತಿಯೇ ಇರಬೇಕು. ಪಾಲಕ ಕೈ ತೆಗೆದ. ಕೊನೆಯ ಕೋಟಿನ ದಾರವನ್ನು ಕತ್ತರಿಸಿ ತೆಗೆದ ಮೇಲೆ ಅಕ್ಕ ಹೆಸರು ಕೊಟ್ಟಳು. ‘ಪರೀಕ್ಷಿಸಿದವರು’ ಎಂಬಲ್ಲಿ ಅವನು ಅದನ್ನು ಸೇರಿಸಿದ. ಆಮೇಲೆ ಆ ತಪ್ಪು ಸಾಲನ್ನು ಮುಟ್ಟದೆ, ಮುಂದಿನ ಪಾಲಕ ಯಾರಾದರೂ ಇವನಂತೆಯೇ ಕಣ್ಣರಳಿಸಿ ಬಂದಾನೆಂದು, ಅದರ ಮೇಲೊಂದು ಟಿಪ್ಪಣಿ ಬರೆದ: “ಈ ವಿಳಂಬವನ್ನು ತೆಗೆಯಬೇಡಿ. ಈ ಹೊತ್ತಿನಲ್ಲಿ ದಾರ ಬದಲಾಗುತ್ತದೆ.”

ಬೀಗರು ಮರುಮಾತಿಲ್ಲದೆ ಒಪ್ಪಿದರು. ಮರುದಿನ ಆವೃತ್ತಿ ಬಿಡುಗಡೆಯಾಯಿತು. ಅದರ ಮೂಲಪ್ರತಿಯನ್ನು ಇಳಿಸಿಕೊಂಡ ಲೋಕದ ಪ್ರತಿಯೊಂದು ಕಂಪ್ಯೂಟರಿಗೂ, ಅಲ್ಲಿ ಕಸೂತಿ ಯಂತ್ರವಿರಲಿ ಇಲ್ಲದಿರಲಿ, ಅಕ್ಕ ಸೂಜಿಗೆ ಕೆಂಪು ದಾರ ಪೋಣಿಸುವಷ್ಟು ಹೊತ್ತು ಕಾಯಬೇಕೆಂಬ ಅಪ್ಪಣೆಯೂ ಹೋಗಿ ಸೇರಿತು.