ಕೈಬಿಗಿಯಲ್ಲಿ ಬಿಟ್ಟ ಎರಡು ಬೋಲ್ಟು

ಹಾಲೇಶ, ಅವತ್ತು ನನಗೆ ಕೇಳಿಸಿತ್ತು.

ನೀನು ಗಾಡಿಯನ್ನು ನಮ್ಮ ಮನೆಯ ಇಳಿಜಾರಿನಲ್ಲಿ ಇಳಿಸಿ, ಮುಂದಿನ ಬ್ರೇಕು ಒತ್ತಿ, ತಿರುಗಿ ನನ್ನನ್ನು ಕೇಳಿದೆಯಲ್ಲ — ಟಕ್ ಎಂದ ಆ ಸದ್ದು ನನಗೆ ಚೆನ್ನಾಗಿ ಕೇಳಿಸಿತ್ತು. ಎಲ್ಲಿಂದ ಬಂತು, ಯಾಕೆ ಬಂತು ಎಂಬುದೂ ಗೊತ್ತಿತ್ತು. ನಿನ್ನ ಹೊಸ ಡಿಸ್ಕ್ ಬ್ರೇಕಿನ ಎರಡು ಬೋಲ್ಟುಗಳನ್ನು ನಾನು ಬರಿಗೈಯಲ್ಲಿ ತಿರುಗಿಸಿ ಬಿಟ್ಟಿದ್ದೆ. ಪಾನಾ ಹಾಕಿ ಬಿಗಿದಿರಲಿಲ್ಲ. ಗೊತ್ತಿದ್ದೂ ನಿನ್ನನ್ನು ಹೋಗಲು ಬಿಟ್ಟೆ. ಅದು ನನ್ನ ಕಿವುಡು ಕಿವಿಯ ದೋಷ ಎಂದು ನೀನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೀಯ. ಊರಿನವರೂ ನಂಬಿದ್ದಾರೆ. ನಾನು ನಂಬಲು ಬಿಟ್ಟೆ.

ಇದನ್ನು ಹೇಳುವಾಗಲೂ ನನಗೆ ನಿನ್ನ ಮೇಲೆ ಸಿಟ್ಟಿದೆ. ಮುಚ್ಚಿಡುವುದಿಲ್ಲ. ಮುಚ್ಚಿಟ್ಟಿದ್ದು ಸಾಕಾಗಿದೆ.

ನಮ್ಮ ನ್ಯಾಮತಿ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಹಿಂದೆ ಎಮ್ಮೆ ಕಟ್ಟುತ್ತಿದ್ದರು. ಎಮ್ಮೆ ಮಾರಿದ ಮೇಲೆ ಅಲ್ಲಿ ನಮ್ಮಿಬ್ಬರ ಬೈಕುಗಳು ಬಂದವು. ನೀನು ದನದ ಆಸ್ಪತ್ರೆಯ ಕಂಪೌಂಡರ್, ದಿನವೂ ಹಳ್ಳಿ ಹಳ್ಳಿ ತಿರುಗುವವನು. ನಾನು ಹೈಸ್ಕೂಲಿನ ಗುಮಾಸ್ತ. ಸಂಜೆಗೆ ಕೊಡುತ್ತೇನೆ ಎಂದ ಗಾಡಿಯನ್ನು ಮೆಕ್ಯಾನಿಕ್ ಮೂರನೇ ದಿನಕ್ಕೂ ಬಿಚ್ಚದೆ ಇಟ್ಟಾಗ, ‘ನಡಿ, ನಾವೇ ಬಿಚ್ಚಾನ’ ಎಂದವನು ನೀನು. ಮೊದಲ ಸಲ ಕಾರ್ಬೊರೇಟರ್ ಬಿಚ್ಚಿ ಜೋಡಿಸಿದಾಗ ಒಂದು ಸ್ಪ್ರಿಂಗು ನಮ್ಮ ಕೈಯಲ್ಲೇ ಉಳಿದಿತ್ತು. ಗಾಡಿ ಹೇಗೋ ಓಡಿತು. ‘ಇದು ಕಂಪನಿಯೋರು ಸುಮ್ನೆ ಹಾಕಿದ್ದು ಬಿಡು’ ಎಂದು ನೀನು ಅದನ್ನು ಕೀಲಿ ಗೊಂಚಲಿಗೆ ಸಿಕ್ಕಿಸಿಕೊಂಡೆ.

ಚಿಕ್ಕಂದಿನಲ್ಲಿ ಸೋರಿ ಸೋರಿ ನನ್ನ ಬಲಗಿವಿ ಸತ್ತುಹೋಗಿತ್ತು. ಅವ್ವನನ್ನು ಬಿಟ್ಟರೆ ಅದು ಗೊತ್ತಿದ್ದದ್ದು ನಿನಗೊಬ್ಬನಿಗೆ. ನಾನು ಹೇಳಿರಲಿಲ್ಲ, ನೀನೇ ಕಂಡುಹಿಡಿದೆ — ಅಂದಿನಿಂದ ಏನೂ ಮಾತಾಡದೆ ನನ್ನ ಎಡಗಡೆಗೆ ಬಂದು ನಿಲ್ಲತೊಡಗಿದೆ. ನಡೆಯುವಾಗ ಎಡಕ್ಕೆ, ಟೀ ಅಂಗಡಿಯ ಬೆಂಚಿನಲ್ಲಿ ಎಡಕ್ಕೆ. ಶೆಡ್ಡಿನಲ್ಲಂತೂ ಕೈ ನನ್ನದು, ಕಿವಿ ನಿನ್ನದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ನೀನು ಹೇಳುತ್ತಿದ್ದೆ: ‘ಇನ್ನೊಂದು ಚೂರು ಸಡ್ಲ ಮಾಡು... ಹಾಂ, ಸಾಕು.’ ನನಗೆ ಎರಡು ಕಿವಿ ಇದ್ದಿದ್ದರೂ ಅಷ್ಟು ಚೆನ್ನಾಗಿ ಕೇಳಿಸುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತಿತ್ತು.

ಇನ್ನೊಂದು ಪದ್ಧತಿ ಮಾಡಿಕೊಂಡಿದ್ದೆವು. ಪೂರ್ತಿ ಬಿಗಿದ ಬೋಲ್ಟಿನ ತಲೆಯ ಮೇಲೆ ಬಿಳಿ ಪೇಂಟಿನ ಗೆರೆ ಎಳೆಯಬೇಕು. ಗೆರೆ ಇದ್ದರೆ ಬಿಗಿ, ಇಲ್ಲದಿದ್ದರೆ ಕೆಲಸ ಬಾಕಿ. ಗೆರೆ ಎಳೆಯುವುದು ನನ್ನ ಕೆಲಸ. ನೀನು ಯಾವತ್ತೂ ಅದರ ಮೇಲೆ ಪಾನಾ ಹಾಕಿ ಪರೀಕ್ಷೆ ಮಾಡಿದವನಲ್ಲ.

ಆ ವರ್ಷ ನನಗೆ ಹೆಣ್ಣು ಗೊತ್ತಾಗುವುದರಲ್ಲಿತ್ತು. ಜಗಳೂರು ಕಡೆ, ಸೊಕ್ಕೆಯ ಹುಡುಗಿ. ನಿನ್ನನ್ನೂ ಕರೆದುಕೊಂಡು ನೋಡಲು ಹೋದಾಗ ನಮ್ಮ ಅದೃಷ್ಟಕ್ಕೆ ಅವಳು ನನ್ನ ಎಡಗಡೆಗೇ ಕೂತಳು. ‘ಗಾಡಿ ನೀವೇ ಬಿಚ್ಚಿ ಜೋಡಿಸ್ತೀರಂತೆ?’ ಎಂದು ಕೇಳಿ ನನ್ನ ಉಗುರಿನ ಸಂದಿಯ ಗ್ರೀಸು ನೋಡಿ ನಕ್ಕಳು. ಬರುವಾಗ ದಾರಿಯುದ್ದಕ್ಕೂ ಅದನ್ನೇ ನಿನಗೆ ಹೇಳಿದೆ. ನೀನು ಕೇಳಿದೆ, ಕಾಲೆಳೆದೆ, ಮದುವೆಗೆ ಮುಂಚೆ ಉಗುರು ಕತ್ತರಿಸಿಕೋ ಎಂದೆ. ಕಿವಿಯ ವಿಷಯ ನಾವು ಅವರಿಗೆ ಹೇಳಿರಲಿಲ್ಲ. ಅವ್ವ, ‘ಮದ್ವೆ ಆದ್ಮೇಲೆ ತಾನೇ ಗೊತ್ತಾಗ್ತೈತೆ, ಈಗ್ಯಾಕೆ’ ಎಂದಿದ್ದಳು. ನಾನೂ ಹೂಂ ಎಂದಿದ್ದೆ. ಅದೂ ಒಂದು ಸುಳ್ಳೇ — ಆದರೆ ಇವತ್ತು ಬರೆಯಲು ಕೂತದ್ದು ಅದಕ್ಕಲ್ಲ.

ನಿನ್ನ ಗಾಡಿಗೆ ಡಿಸ್ಕ್ ಬ್ರೇಕು ಹಾಕುವ ಕೆಲಸವೂ ಅದೇ ಹೊತ್ತಿಗೆ ನಡೆದಿತ್ತು. ಹಳೆಯ ಬ್ರೇಕು ಹಿಡಿಯದೆ ಹೊನ್ನಾಳಿ ರಸ್ತೆಯಲ್ಲಿ ನೀನೊಮ್ಮೆ ಕುರಿಮಂದೆಯೊಳಗೆ ನುಗ್ಗಿದ್ದೆ. ದಾವಣಗೆರೆಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ತಂದು, ಫೋರ್ಕು, ಚಕ್ರ, ಡಿಸ್ಕು ಎಲ್ಲ ಕೂರಿಸಿದ್ದೆವು. ಉಳಿದದ್ದು ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್ ಒಂದೇ. ಅದು ಒಂದು ಕಡೆ ಉಜ್ಜುತ್ತಿತ್ತು. ಆಯುಧ ಪೂಜೆಯ ಬೆಳಿಗ್ಗೆ ಅದನ್ನು ಮತ್ತೆ ಬಿಚ್ಚಿ, ವಾಷರು ಕೊಟ್ಟು, ಎರಡೂ ಬೋಲ್ಟು ಕೈಯಲ್ಲಿ ತಿರುಗಿಸಿ ಕೂರಿಸಿದೆ. ಅಷ್ಟರಲ್ಲಿ ಅವ್ವ ಬಂದು ಪಾನಾ, ಸುತ್ತಿಗೆ, ಇಕ್ಕಳ ಎಲ್ಲ ಬಾಚಿಕೊಂಡು ಹೋಗಿ ತೊಳೆದು ಪೂಜೆಗೆ ಇಟ್ಟಳು. ಪೂಜೆಗಿಟ್ಟ ಹತ್ಯಾರವನ್ನು ಮಾರನೇ ದಿನದವರೆಗೆ ಎತ್ತುವಂತಿಲ್ಲ, ನಿನಗೂ ಗೊತ್ತು. ಇರಲಿ, ನೀನು ಬರುವುದು ನಾಳೆ ಬನ್ನಿ ಕೊಡಲು ತಾನೆ, ಅಷ್ಟರಲ್ಲಿ ಬಿಗಿದು ಗೆರೆ ಎಳೆದರಾಯಿತು ಎಂದುಕೊಂಡೆ. ಅಲ್ಲಿಯವರೆಗೆ ನನ್ನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಅವ್ವ ಎರಡೂ ಗಾಡಿಗೆ ವಿಭೂತಿ ಬಳಿದು, ಹೂವು ಹಾಕಿ, ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಳು. ಹೊಸದಾಗಿ ಹೊಳೆಯುತ್ತಿದ್ದ ಕ್ಯಾಲಿಪರಿಗೂ ಬೋಲ್ಟುಗಳ ಮೇಲಿಂದ ಹಾದುಹೋಗುವಂತೆ ವಿಭೂತಿಯ ಬೆರಳು ಎಳೆದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಫೋನು ಬಂತು. ಸಂಬಂಧ ತಂದಿದ್ದ ಜಗಳೂರಿನ ಮಾವ. ಆ ಕಡೆಯಿಂದ ಹೇಳಿದ್ದು ಇಷ್ಟೇ: ‘ಅವರು ಬ್ಯಾಡ ಅಂದ್ರಪ್ಪ. ಹುಡುಗಗೆ ಒಂದು ಕಿವಿ ಕೇಳ್ಸಲ್ಲಂತೆ, ನೀವು ಮುಚ್ಚಿಟ್ಟಿದ್ರಿ ಅಂತಾರೆ. ಹೇಳಿದ್ದು ಹೊರಗಿನೋರಲ್ಲ. ನಿನ್ನ ಗೆಳೆಯ ಐದಾನಲ್ಲ ಹಾಲೇಶ, ಅವನೇ ಹೇಳ್ಯಾನೆ.’

ಹೋಳಿಗೆ ಬಾಯಲ್ಲೇ ಇತ್ತು. ಹುಡುಗಿ ಹೋದದ್ದಕ್ಕಿಂತ — ಅಲ್ಲ, ಹುಡುಗಿ ಹೋದದ್ದೂ ಉರಿಯಿತು — ಹೇಳಿದವನು ನೀನು ಎನ್ನುವುದೇ ಹೆಚ್ಚು ಸುಟ್ಟಿತು. ಬೇರೆ ಯಾರಾದರೂ ಹೇಳಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಬೇರೆಯವರಿಗೆ ಗೊತ್ತೇ ಇರಲಿಲ್ಲವಲ್ಲ. ಇಷ್ಟು ವರ್ಷ ನನ್ನ ಎಡಕ್ಕೆ ನಿಂತವನು, ನಿಂತು ನಿಂತು ನನ್ನ ಬಲಗಡೆ ಏನಿಲ್ಲ ಎಂಬುದನ್ನು ಲೆಕ್ಕ ಇಟ್ಟುಕೊಂಡಿದ್ದ ಅನ್ನಿಸಿತು. ಉಂಡ ಮನೆಯ ಜಂತೆ ಎಣಿಸಿದ. ಅವ್ವನ ಕೈಯ ರೊಟ್ಟಿ ತಿಂದವನು. ಅವ್ವ, ‘ಹಬ್ಬದ ದಿನ ಸಿಟ್ಟು ಬ್ಯಾಡಪ್ಪ, ಉಣ್ಣು’ ಎಂದಳು. ನಾನು ಎದ್ದು ಶೆಡ್ಡಿಗೆ ಹೋಗಿ ನನ್ನ ಗಾಡಿಯ ಮೇಲೆ ಸುಮ್ಮನೆ ಕೂತೆ.

ಸಂಜೆ ನೀನು ಓಡುತ್ತಾ ಬಂದೆ. ‘ಹೊನ್ನಾಳಿ ಕಡೆಯಿಂದ ಫೋನ್ ಬಂದಿತ್ತು, ಹಸು ಕರು ಹಾಕಾಕೆ ಒದ್ದಾಡ್ತೈತಂತೆ. ಗಾಡಿ ಆಗೈತೇನು?’

ನಾನು ಮಾತಾಡಲಿಲ್ಲ. ನೀನು ಬಗ್ಗಿ ಚಕ್ರ ನೋಡಿದೆ. ಬೋಲ್ಟಿನ ಮೇಲೆ ಬಿಳಿ ಕಂಡಿತು. ‘ಗೆರೆ ಬಿದ್ದೈತಲ್ಲ, ಮತ್ತೇನು’ ಎಂದೆ.

ಅದು ವಿಭೂತಿ ಎಂದು ಹೇಳಲು ಒಂದು ಉಸಿರು ಸಾಕಾಗಿತ್ತು. ನನ್ನ ಗಾಡಿ ಪಕ್ಕದಲ್ಲೇ ನಿಂತಿತ್ತು, ಕೀಲಿ ನನ್ನ ಜೇಬಿನಲ್ಲಿತ್ತು, ಎತ್ತಿ ಕೊಡಬಹುದಿತ್ತು. ಪೂಜೆಯ ಪಾನಾ ಎತ್ತಿದ್ದರೆ ಅವ್ವ ಗೊಣಗುತ್ತಿದ್ದಳು, ಅಷ್ಟೇ ತಾನೆ. ನಾನು ಏನೂ ಮಾಡಲಿಲ್ಲ. ನೀನು ಗಾಡಿ ಇಳಿಸಿದೆ, ನಿಂಬೆಹಣ್ಣು ಚಕ್ರಕ್ಕೆ ಸಿಕ್ಕಿ ಒಡೆಯಿತು, ಇಳಿಜಾರಿನ ಕೊನೆಯಲ್ಲಿ ಬ್ರೇಕು ಒತ್ತಿದೆ. ಟಕ್.

‘ಮುಂದ್ಗಡೆ ಏನೋ ಟಕ್ ಅಂತು. ಕೇಳ್ಸ್ತೇನು?’

‘ನನಗೇನೂ ಕೇಳ್ಸ್ಲಿಲ್ಲ.’

ಹಾಗೆಂದೆ. ನನ್ನ ಎಡಗಿವಿ ನಿನ್ನ ಕಡೆಗೇ ಇತ್ತು. ಅದು ನಿನಗೆ ಕಂಡಿರಲಿಕ್ಕೂ ಸಾಕು, ಆದರೆ ನೀನು ಅನುಮಾನ ಪಡುವವನಲ್ಲ. ‘ನಿಂಬೆಹಣ್ಣು ಇರ್ಬೇಕು ಬಿಡು’ ಎಂದು ಹೊರಟುಹೋದೆ.

ನೀನು ಬೀಳಲಿ ಎಂದುಕೊಂಡೆನೇ? ಇಷ್ಟು ವರ್ಷ ಇದನ್ನೇ ತಿರುವಿ ತಿರುವಿ ನೋಡಿದ್ದೇನೆ. ಸ್ವಲ್ಪ ಹೆದರಲಿ, ಬ್ರೇಕು ಅಲುಗಾಡಿ ದಾರಿಯಲ್ಲಿ ನಿಂತುಬಿಡಲಿ, ಹಬ್ಬದ ಸಂಜೆ ಗಾಡಿ ತಳ್ಳಿಕೊಂಡು ಬರಲಿ... ಇಷ್ಟೇ ಅಂದುಕೊಂಡಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಆ ಬೋಲ್ಟು ಕಳಚಿದರೆ ಏನಾಗುತ್ತದೆ ಎಂದು ಗೊತ್ತಿಲ್ಲದ ಕೈ ನನ್ನದಲ್ಲ. ಗೊತ್ತಿತ್ತು.

ಹೊನ್ನಾಳಿ ರಸ್ತೆಯಲ್ಲಿ ಕ್ಯಾಲಿಪರ್ ಕಳಚಿ ಚಕ್ರಕ್ಕೆ ಸಿಕ್ಕಿಕೊಂಡಿತು. ನೀನು ತಿರುವಿನ ಮೋರಿಗೆ ಹೋಗಿ ಬಿದ್ದೆ. ಬಲ ಮೊಣಕಾಲಿನ ಚಿಪ್ಪು ಪುಡಿಯಾಯಿತು. ಆ ಹಸು ಏನಾಯಿತು ಎಂದು ನಾನು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ನಿನ್ನ ಅಣ್ಣ ಎಲ್ಲರ ಮುಂದೆ, ‘ಬೋಲ್ಟು ಯಾರು ಬಿಗಿ ಮಾಡಿದ್ದು?’ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನನ್ನು ಅವರು ನೋಡಿಯೂ ಇರಲಿಲ್ಲ, ನಾನಾಗಲೇ, ‘ಪೂಜೆ ಗಡಿಬಿಡಿಯಾಗೆ ಮರೆತೆ ಅನ್ಸುತ್ತೆ’ ಎಂದು ತೊದಲುತ್ತಿದ್ದೆ. ಆಗ ನೀನು ಮಲಗಿದಲ್ಲಿಂದಲೇ ಹೇಳಿದೆ: ‘ಅವನಿಗೇನೂ ಅನ್ಬ್ಯಾಡ್ರಿ. ಅವನಿಗೆ ಬಲಗಿವಿ ಕೇಳ್ಸಲ್ಲ. ಸದ್ದು ಬಂದಿತ್ತು, ನಾನೇ ನಿಲ್ಲಿಸಿ ನೋಡ್ಬೇಕಿತ್ತು.’

ಯಾವ ಮಾತಿಗಾಗಿ ನಾನು ನಿನ್ನನ್ನು ಬೀಳಲು ಬಿಟ್ಟೆನೋ ಅದೇ ಮಾತನ್ನು ನೀನು ನನ್ನ ರಕ್ಷಣೆಗೆ ಎಲ್ಲರ ಮುಂದೆ ಆಡಿದೆ. ನಾನು ಅದರ ಹಿಂದೆ ಅವಿತುಕೊಂಡೆ. ಎಲ್ಲರೂ ಅಯ್ಯೋ ಪಾಪ ಎಂದು ನನ್ನ ಬಲಗಿವಿಯನ್ನು ನೋಡಿದರು.

ಇದಕ್ಕಿಂತ ಹೀನವಾದದ್ದು ಒಂದಿದೆ. ಊರುಗೋಲು ಹಿಡಿದು ಮೊದಲ ಸಲ ನಮ್ಮ ಮನೆಗೆ ಬಂದ ದಿನ ನೀನೇ ಬಾಯಿಬಿಟ್ಟೆ: ‘ಸೊಕ್ಕೆಯೋರು ನನ್ನ ಕೇಳಿದ್ರು ಕಣೋ. ಕಿವಿ ವಿಚಾರ ನಾನೇ ಹೇಳಿದೆ. ಅದೊಂದು ಬಿಟ್ರೆ ಹುಡುಗ ಬಂಗಾರ ಅಂದೆ. ಮುಚ್ಚಿಟ್ಟು ಮದ್ವೆ ಮಾಡ್ಕೊಂಡ್ರೆ, ಆ ಹುಡುಗಿ ನಿನ್ನ ಬಲಕ್ಕೆ ಕೂತು ಮಾತಾಡಿ ಮಾತಾಡಿ ಕೊನೆಗೆ ಮಾತೇ ಬಿಟ್ಟಾಳು ಅನ್ಸ್ತು. ನಿನ್ನ ಕೇಳಿ ಹೇಳ್ಬೇಕಿತ್ತು. ತಪ್ಪಾತು.’ ನಿನ್ನ ಕಣ್ಣಲ್ಲಿ ನೀರಿತ್ತು. ಅದೇ ಗಳಿಗೆಯಲ್ಲಿ ನಾನೂ ಹೇಳಬಹುದಿತ್ತು. ನಾನು ಏನು ಮಾಡಿದೆ? ದೊಡ್ಡ ಮನುಷ್ಯನ ಹಾಗೆ ನಿನ್ನ ಭುಜ ತಟ್ಟಿ, ‘ಹೋಗ್ಲಿ ಬಿಡು’ ಎಂದೆ. ಹಾಲೇಶ, ನಾನು ನಿನ್ನನ್ನು ಕ್ಷಮಿಸಿದೆ. ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನಿಜ ಹೇಳಬೇಕೆಂದರೆ ಆ ಕ್ಷಮೆಯೂ ಸುಳ್ಳು. ನನ್ನನ್ನು ಕೇಳದೆ ನೀನು ಹೇಳಿದ್ದು ತಪ್ಪೇ. ಅದು ಇನ್ನೂ ಚುಚ್ಚುತ್ತದೆ. ಆಮೇಲೆ ಉಬ್ರಾಣಿಯ ಹೆಣ್ಣು ನೋಡಲು ಹೋದಾಗ ನಾನೇ ಮೊದಲು ಕಿವಿಯ ವಿಷಯ ಹೇಳಿದೆ. ಅವಳು ಒಪ್ಪಿದಳು, ಸುಖವಾಗಿದ್ದೇವೆ. ಆದರೂ ಚುಚ್ಚುತ್ತದೆ. ಅದು ನನ್ನ ನೋವು, ಇರಲಿ. ನಿನ್ನ ಕಾಲಿನ ಲೆಕ್ಕಕ್ಕೆ ಅದನ್ನು ಸೇರಿಸಲು ಬರುವುದಿಲ್ಲ.

ನೀನು ಹಳ್ಳಿ ತಿರುಗುವ ಕೆಲಸ ಬಿಟ್ಟು ಚನ್ನಗಿರಿಯ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂತೆ. ಮಡಚಲಾಗದ ಕಾಲು ಚಾಚಿಕೊಂಡು ಪ್ರತಿ ವರ್ಷ ಬಸ್ಸಿನಲ್ಲಿ ಬಂದು, ‘ಬನ್ನಿ ತಗೊಂಡು ಬಂಗಾರದಂಗೆ ಇರಾನ’ ಎಂದು ನನ್ನ ಕೈಗೆ ಎಲೆ ಕೊಡುತ್ತೀಯ. ಅವ್ವ ಅಂದಿನಿಂದ ಪಾನಾಗಳನ್ನು ಪೂಜೆಗೆ ಇಡುವುದಿಲ್ಲ. ಅವಸರಕ್ಕೆ ಬಾಚಿಕೊಂಡು ಹೋಗಿ ಹುಡುಗನ ಕಾಲು ಕಳೆದೆ ಎಂದು ತನ್ನನ್ನೇ ಬೈದುಕೊಳ್ಳುತ್ತಾಳೆ. ಅವಳ ಮುಂದೆಯೂ ನಾನು ಬಾಯಿ ಬಿಟ್ಟಿಲ್ಲ.

ಇನ್ನೂ ಬಿಡುತ್ತಿರಲಿಲ್ಲವೇನೋ. ಆದರೆ ಮೊನ್ನೆ ನೀನು ಫೋನು ಮಾಡಿದೆ. ನೀನು ಬಿದ್ದಾಗ ಒಂದನೇ ಕ್ಲಾಸಿನಲ್ಲಿದ್ದ ಮಗಳು ಈಗ ಕಾಲೇಜು, ಲೈಸೆನ್ಸೂ ಬಂದಿದೆ. ನಮ್ಮ ಶೆಡ್ಡಿನಲ್ಲಿ ಧೂಳು ತಿನ್ನುತ್ತಿರುವ ನಿನ್ನ ಗಾಡಿಯೇ ಬೇಕಂತೆ ಅವಳಿಗೆ. ‘ರೆಡಿ ಮಾಡಿಕೊಡು ಮಾರಾಯ. ನೀನು ಗೆರೆ ಎಳೆದು ಕೊಟ್ರೆ ನಾನು ಕಣ್ಮುಚ್ಚಿ ಮಗಳನ್ನು ಕೂರಿಸ್ತೀನಿ’ ಎಂದೆ.

ಗಾಡಿ ರೆಡಿ ಮಾಡಿದ್ದೇನೆ. ಪ್ರತಿ ಬೋಲ್ಟನ್ನೂ ಪಾನಾ ಹಾಕಿ ಬಿಗಿದಿದ್ದೇನೆ. ಬಿಳಿ ಗೆರೆ ಒಂದಕ್ಕೂ ಎಳೆದಿಲ್ಲ. ನಿನ್ನ ಮಗಳನ್ನು ಅದರ ಮೇಲೆ ಕೂರಿಸುವ ಮುಂಚೆ, ಅದನ್ನು ಬಿಗಿದ ಕೈ ಯಾವುದು ಎಂದು ನಿನಗೆ ಗೊತ್ತಿರಬೇಕು.

ಭಾನುವಾರ ಚನ್ನಗಿರಿಗೆ ಬರುತ್ತೇನೆ. ಬರೆದದ್ದನ್ನು ಕೊಟ್ಟು ಓಡಿ ಬರುವುದಿಲ್ಲ, ನಿನ್ನ ಮುಂದೆ ಕೂತು ಬಾಯಲ್ಲೇ ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ಬೈಯಬೇಕು ಅನ್ನಿಸಿದರೆ ಬೈ, ಮುಖ ನೋಡಬೇಡ ಎಂದರೆ ಎದ್ದು ಬರುತ್ತೇನೆ. ಒಂದೇ ಒಂದು ಕೇಳುತ್ತೇನೆ. ಯಾವಾಗಲೂ ಕೂರುವ ಹಾಗೆ ಅವತ್ತೂ ನನ್ನ ಎಡಕ್ಕೇ ಕೂರು. ನೀನು ಅನ್ನುವ ಒಂದೊಂದು ಮಾತೂ ನನಗೆ ಕೇಳಿಸಬೇಕು.