ಅಕ್ಕನಿಗೆ ದಿನಕ್ಕೊಂದು ಇಂಗ್ಲಿಷ್ ಶಬ್ದ

ಐವತ್ತರ ಹೊಸ್ತಿಲಲ್ಲಿ ನನಗೆ ಇಂಗ್ಲಿಷ್ ಶಬ್ದಗಳ ಹುಚ್ಚು ಹಿಡಿದದ್ದು ಶುದ್ಧ ಭಯದಿಂದ. ಇಚಲಕರಂಜಿಯಲ್ಲಿ ನಾನು ಕಾರಕೂನನಾಗಿರುವ ನೂಲಿನ ಅಂಗಡಿಗೆ ಮಾಲೀಕರ ಮಗ ಬಂದು ಕುಳಿತ. ಇನ್ನು ಬರೆಯುವುದೆಲ್ಲ ಇಂಗ್ಲಿಷಿನಲ್ಲೇ ಎಂದ. ಕೆಲಸ ಹೋಯಿತೆಂದೇ ತಿಳಿದು, ದಿನಕ್ಕೊಂದು ಕಠಿಣ ಶಬ್ದ ಕಲಿಸುವ ಆ್ಯಪನ್ನು ಮೊಬೈಲಿಗೆ ಹಾಕಿಕೊಂಡೆ. ಕೆಲಸ ಹೋಗಲಿಲ್ಲ. ಆ ಶಬ್ದಗಳು ಯಾವ ಪತ್ರಕ್ಕೂ ಬೇಕಾಗಲೂ ಇಲ್ಲ.

ಮನೆಯಲ್ಲಿ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಹೀಗಾಗಿ ಮುಂಜಾನೆ ಚಹಾ ಕುದಿಯುವಾಗ ಗಡಹಿಂಗ್ಲಜದ ಅಕ್ಕನಿಗೆ ಫೋನ್ ಮಾಡಿ ಪಾಠ ಒಪ್ಪಿಸುತ್ತಿದ್ದೆ.

"ಮೆಟಿಕ್ಯುಲಸ್. ಅಂದ್ರ, ಸಣ್ಣದ್ದೂ ಬಿಡದಂಗ ಅಚ್ಚುಕಟ್ಟ ಮಾಡಾವ್ರು."

"ನಮ್ಮ ಅತ್ತಿ ಅನ್ನು. ನಾ ಆರಿಸಿದ ಅಕ್ಕಿ ಮತ್ತ ಆರಸ್ತಿದ್ಲು. ಅದಕ್ಕೂ ಶಬ್ದ ಐತೇನೋ? ನಾ ಸುಮ್ನ ಬೈಗಳದಾಗ ಕಾಲಾ ಕಳದ್ನಲ್ಲಾ!"

ಮೊನ್ನೆ, ಗುಳಿಗೆಗೂ ಬಗ್ಗದ ಹೊಟ್ಟೆನೋವಿಗೆಂದು ಅವಳನ್ನು ಕೊಲ್ಹಾಪುರದ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ರಿಪೋರ್ಟು ನೋಡಿ, ಮರಾಠಿಯಲ್ಲಿ ಮಾತು ಎಲ್ಲಿಂದ ಶುರುಮಾಡಲೆಂದು ತಡವರಿಸುತ್ತಿದ್ದರು. ಅಕ್ಕ ಸುಮ್ಮನಿರಬಾರದೇ? ನನ್ನ ತಮ್ಮನಿಗೆ ಭಾರೀ ಇಂಗ್ಲಿಷ್ ಬರುತ್ತದೆಂದು ಮರಾಠಿಯಲ್ಲೇ ಜಂಬ ಕೊಚ್ಚಿದಳು. ಡಾಕ್ಟರಿಗೂ ಅದೇ ಬೇಕಿತ್ತು. ಕುರ್ಚಿಯನ್ನು ನನ್ನತ್ತ ತಿರುಗಿಸಿ ಇಂಗ್ಲಿಷಿಗೆ ಇಳಿದರು.

ಹರಡಿದೆ. ತಡವಾಗಿದೆ. ಮನೆಗೆ ಕರೆದೊಯ್ಯಿರಿ, ನೋವಾಗದಂತೆ ನೋಡಿಕೊಳ್ಳಿ. ಎಲ್ಲ ಶಾಲೆಯ ಐದನೆಯ ಇಯತ್ತೆಯ ಇಂಗ್ಲಿಷು. ತಿಳಿಯಲಿಲ್ಲ ಎನ್ನಲು ಒಂದಾದರೂ ಕಠಿಣ ಶಬ್ದವನ್ನು ಅವರು ನನಗೆ ಕೊಡಲಿಲ್ಲ. ನಾನು ಯೆಸ್, ಯೆಸ್ ಎಂದಷ್ಟೂ ಪಕ್ಕದಲ್ಲಿ ಅಕ್ಕನ ಮುಖ ಹೆಮ್ಮೆಯಿಂದ ಅರಳುತ್ತಿತ್ತು.

ಗಡಹಿಂಗ್ಲಜದ ಎಸ್ಟಿ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು.

"ಏನಂದ್ರೋ ಡಾಕ್ಟರು?"

"ಗುಳಿಗಿ ಬದಲಿ ಮಾಡ್ಯಾರ, ಅಕ್ಕಾ."

"ಇಷ್ಟ ಹೇಳಾಕ ಅಷ್ಟೊತ್ತ ಬೇಕಾತ?"

"ಇಂಗ್ಲಿಷಿನ್ಯಾಗ ಮಾತು ಉದ್ದ ಆಗ್ತಾವ."

"ಹೌದಪಾ, ಶಾಣ್ಯಾ."

ಕಬ್ಬಿನ ಟ್ರ್ಯಾಕ್ಟರೊಂದು ದಾರಿ ಬಿಡದೆ ನಮ್ಮ ಮುಂದೆ ತೆವಳುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಊರು ಹತ್ತಿರವಾದಾಗ, ಕಿಟಕಿಯಿಂದ ಮುಖ ತಿರುಗಿಸದೆಯೇ ಅಂದಳು:

"ನಿನ್ನ ಶಬ್ದ ಇನ್ನ ಫೋನಿನ್ಯಾಗ ಹೇಳಬ್ಯಾಡ. ರಜಾ ಹಾಕಿ ಬಾ. ಎದುರಿಗೆ ಕುಂತ ಹೇಳು."

ಹೂಂ ಎಂದೆ. ರಜೆಯ ಅರ್ಜಿಯನ್ನೂ ಮಾಲೀಕರ ಮಗನಿಗೆ ಇಂಗ್ಲಿಷಿನಲ್ಲೇ ಕೊಡಬೇಕು. ಅದರಲ್ಲಿ ಕಾರಣ ಬರೆಯಬೇಕು.