ಪಿನ್ನಕ್ಕನ ಬಾಯಲ್ಲಿ ಉಳಿದ ಮಾತು

ಸಂಬಂಧ ಕುದುರಿದ ದಿನವೇ ಸೋದರಮಾವ, ಕಿರಿ ಸೊಸೆಯಾಗಿ ಹೋಗಲಿದ್ದ ಅವಳನ್ನು ಹೆದರಿಸಿದ್ದ. "ಆ ಮನೆ ಹಿರಿ ಸೊಸೆ ಇದಾಳಲ್ಲ, ಎಲ್ಲರೂ ಅವಳನ್ನ ಪಿನ್ನಕ್ಕ ಅಂತಾರೆ. ಹುಷಾರು, ಚುಚ್ಚಿಬಿಡ್ತಾಳೆ."

ಹೋಗಿ ನೋಡಿದರೆ, ಬಟ್ಟೆಯಂಗಡಿಯ ಹಿಂದಿನ ಕೋಣೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ಗಿರಾಕಿಗಳ ಪ್ಯಾಂಟಿನ ಅಂಚು ಮಡಿಸಿ ಪಿನ್ನು ಹಾಕುವ ಹೆಂಗಸು. ತುಟಿಗಳ ನಡುವೆ ಸಾಲಾಗಿ ಗುಂಡುಪಿನ್ನು, ಅದರ ಸಂದಿಯಿಂದಲೇ ಮಾತು. ಎದ್ದು ನಡೆದರೆ ಎಡಗಾಲು ಎಳೆಯುತ್ತಿತ್ತು.

"ಕಾಲಿಗೇನಾಯ್ತಕ್ಕ?"

"ಕಾಲು ನೆಟ್ಟಗಿದೆ ಕಣೇ. ನೆಲ ಓರೆ."

ಕಿರಿಯವಳು ಮತ್ತೆಂದೂ ಕೇಳಲಿಲ್ಲ. ವಾರಗಿತ್ತಿಯರೆಂದರೆ ಹಾವು ಮುಂಗುಸಿ ಎನ್ನುತ್ತಾರೆ. ಇವರಿಬ್ಬರು ಒಂದೇ ಒಲೆಯಲ್ಲಿ ಬೇಯಿಸಿ ಉಂಡು, ಒಬ್ಬರ ಹಿಂದೊಬ್ಬರು ಗಂಡಂದಿರನ್ನು ಕಳೆದುಕೊಂಡು, ಜಗಳವಾಡುತ್ತಲೇ ಮುದುಕಿಯರಾದರು.

ಆ ಮನೆಯಲ್ಲಿ ಪಿನ್ನಿಗೇನು ಬರವೇ? ಕೂದಲಿಗೊಂದು ಪಿನ್ನು, ಗುಂಡಿ ಕಿತ್ತ ರವಿಕೆಗೊಂದು ಪಿನ್ನು, ಸ್ಟವ್ವಿನ ತೂತು ಕಟ್ಟಿದರೆ ಅದಕ್ಕೊಂದು. ಆಮೇಲೆ ಚಾರ್ಜರಿಗೂ ಪಿನ್ನು ಬಂತು, ಬ್ಯಾಂಕಿನ ಕಾರ್ಡಿಗೂ ಬಂತು. "ಇದಕ್ಕೆ ಪಿನ್ನು ಎಲ್ಲಿ ಚುಚ್ಚಬೇಕಪ್ಪ?" ಎಂದು ಪಿನ್ನಕ್ಕ ಕಾರ್ಡನ್ನು ತಿರುಗಿಸಿ ಮುರುಗಿಸಿ ಕೇಳಿದಾಗ ಬ್ಯಾಂಕಿನವನು ನಕ್ಕೂ ನಕ್ಕೂ ಕೆಮ್ಮಿದ್ದ.

ಒಂದು ಬೆಳಿಗ್ಗೆ ಪಿನ್ನಕ್ಕ ಎದ್ದು ಕುಳಿತು, ನೀರಿನ ಲೋಟದತ್ತ ಕೈ ತೋರಿಸಿ "ಪಿನ್ನು?" ಎಂದಳು. ತಮಾಷೆಯೆಂದುಕೊಂಡು ಕಿರಿಯವಳು ನಕ್ಕಳು. ಕನ್ನಡಕಕ್ಕೂ ಪಿನ್ನು, ಕಿಟಕಿಗೂ ಪಿನ್ನು ಎಂದಾಗ ನಗು ನಿಂತಿತು. ತಲೆಯೊಳಗೆ ಏನೋ ಆಗಿ ಮಾತೆಲ್ಲ ಸೋರಿಹೋಗಿತ್ತು. ತಳದಲ್ಲಿ ಉಳಿದದ್ದು ಅದೊಂದೇ.

ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆಯಬೇಕೆಂದರು. ಆ ಕೋಣೆಯ ಹೊರಗೆ ನರ್ಸು ಬಿಡಿಸಿ ಹೇಳಿದಳು: "ಒಳಗಿರೋದು ದೊಡ್ಡ ಅಯಸ್ಕಾಂತ ಅಮ್ಮ. ಮೈಮೇಲಾಗಲಿ ಮೈಯೊಳಗಾಗಲಿ ಕಬ್ಬಿಣ ಇದ್ರೆ ಎಳೆದುಬಿಡಬಹುದು. ಜೀವಕ್ಕೇ ಅಪಾಯ. ಹಿಂದೆ ಆಪರೇಷನ್ ಏನಾದ್ರೂ ಆಗಿತ್ತಾ?"

"ನಂಗೆ ಗೊತ್ತಿರೋ ಹಾಗೆ ಇಲ್ಲ."

"ಬಳೆ, ಓಲೆ, ಪಿನ್ನು?"

"ಎಲ್ಲಾ ಬಿಚ್ಚಿಟ್ಟಿದೀನಿ ತಾಯಿ."

ಗಾಲಿಮಂಚದ ಮೇಲೆ ಮಲಗಿದ್ದ ಪಿನ್ನಕ್ಕ ತಲೆ ಎತ್ತಿದಳು. "ಪಿನ್ನು."

"ನೀರು ಆಮೇಲೆ ಅಕ್ಕ."

"ಪಿನ್ನು. ಪಿನ್ನು."

ಮಂಚ ತಳ್ಳುವವನು ನಿಂತ. "ಏನಂತೆ?"

"ಎಲ್ಲದಕ್ಕೂ ಹಾಗೇ ಅಂತಾಳಪ್ಪ, ಪಾಪ. ನೀನು ನಡಿ."

ಅವನು ತಳ್ಳಿದ. ಪಿನ್ನಕ್ಕ ಹೊದಿಕೆಯ ಮೇಲಿನಿಂದಲೇ ತೊಡೆಯನ್ನು ಬಡಿದುಕೊಳ್ಳುತ್ತಾ ಒಳಗೆ ಸಾಗಿದಳು. ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಬೇರೆ ದಿನ ಆ ಪದ ಬಾಯಿಂದ ತಡವರಿಸಿ ಬರುತ್ತಿತ್ತು, ಕತ್ತಲಲ್ಲಿ ಗೋಡೆ ಸವರುವವರಂತೆ. ಇವತ್ತು ತಡವರಿಕೆಯೇ ಇರಲಿಲ್ಲ. ಕಿರಿದಾಗುತ್ತಿದ್ದ ಸಂದಿಯಲ್ಲಿ ಕಿರಿಯವಳಿಗೆ ಅಕ್ಕನ ಕೈ ಕಂಡಿತು: ಹೆಬ್ಬೆರಳು ತೋರುಬೆರಳು ಜೋಡಿಸಿ, ಬಟ್ಟೆಗೆ ಪಿನ್ನು ಒತ್ತುವ ಹಾಗೆ, ತೊಡೆಯ ಒಂದೇ ಜಾಗಕ್ಕೆ ಮತ್ತೆ ಮತ್ತೆ ಒತ್ತುತ್ತಿದ್ದಳು. ಎಡದ ತೊಡೆ. ಎಳೆಯುವ ಕಾಲು.

ಕಿರಿಯವಳು ಬಾಗಿಲಿಗೆ ಭುಜ ಕೊಟ್ಟಳು.

"ನಿಲ್ಲಿಸಪ್ಪ. ಕಾಲೊಳಗೆ ಪಿನ್ನಿದೆ."

"ಎಲ್ಲದಕ್ಕೂ ಹಾಗಂತಾರೆ ಅಂತ ನೀವೇ ಹೇಳಿದ್ರಲ್ಲ."

"ಹೇಳಿದೆ. ಪಿನ್ನಿಗೆ ಇನ್ನೇನಂತ ಅನ್ನಬೇಕಪ್ಪ ಅವಳು?"

ಅವನು ಮಂಚವನ್ನು ಹಿಂದಕ್ಕೆಳೆದ. ಪಿನ್ನಕ್ಕ ಕಣ್ಣು ಮುಚ್ಚಿದಳು. ಕೆನ್ನೆಗಿಳಿದದ್ದು ಬೆವರೋ ಕಣ್ಣೀರೋ.

ಕಾಲಿನ ಎಕ್ಸ್‌ರೇಯಲ್ಲಿ ಮೂಳೆಗೆ ಅಡ್ಡವಾಗಿ ಬೆಳ್ಳನೆಯ ಗೆರೆ ಕಂಡಿತು. ಎಂದೋ ಮುರಿದ ಮೂಳೆ ಕೂಡಿಸಲು ಹಾಕಿದ ಪಿನ್ನು, ಪಿನ್ನಕ್ಕನ ಮದುವೆಗೂ ಮುಂಚಿನದಿರಬೇಕು. "ಯಾವ ಕಾಲದ ಕಬ್ಬಿಣವೋ" ಎಂದು ಡಾಕ್ಟರು ತಲೆಯಾಡಿಸಿ, ಬೇರೆ ಯಂತ್ರದಲ್ಲಿ ಚಿತ್ರ ತೆಗೆಸಿದರು. ಅದರಲ್ಲಿ ಕಂಡದ್ದು ಒಳ್ಳೆಯ ಸುದ್ದಿಯಲ್ಲ. ಇನ್ನು ಹೆಚ್ಚು ದಿನವಿಲ್ಲ ಎಂದರು.

ಸಂಜೆ ಪಿನ್ನಕ್ಕ ಕಿರಿಯವಳ ಮಣಿಕಟ್ಟು ಹಿಡಿದಳು. "ಪಿನ್ನು."

"ನೀರಾ?"

ತಲೆ ಅಡ್ಡಡ್ಡ ಆಡಿತು. ಕಣ್ಣು ಬಾಗಿಲ ಕಡೆಗಿತ್ತು. ಕಿರಿಯವಳಿಗೆ ಅರ್ಥವಾಗಿತ್ತು. ಆದರೂ ಹೊದಿಕೆಯಾ, ದಿಂಬು ಸರಿಸಲಾ ಎಂದು ಕೇಳುತ್ತಾ ಹೋದಳು. ಅರ್ಥವಾಗಿದೆ ಎಂದುಬಿಟ್ಟರೆ ಮಾಡಬೇಕಲ್ಲ.

ಹಿಡಿತ ಬಿಗಿಯಾಯಿತು.

"ಪಿನ್ನು."

"ಮನೆಗೆ ಕರ್ಕೊಂಡು ಹೋಗು ಅಂತೀಯಾ ಅಕ್ಕ?"

ಪಿನ್ನಕ್ಕ ಕೈ ಬಿಟ್ಟಳು. ಕಿರಿಯವಳು ಮಂಚದಡಿಯಿಂದ ಚಪ್ಪಲಿ ಎಳೆದುಕೊಂಡು ಡಾಕ್ಟರನ್ನು ಹುಡುಕಿ ಹೊರಟಳು.